ಇಂಗ್ಲೆಂಡಿಗೆ ಹೊರಟಿದ್ದೀರಾ? ಮನೆ ನೋಡುವ ಮೊದಲು ಮಕ್ಕಳ ಸೀಟು ವಿಚಾರಿಸಿ

ವೀಸಾ ಬಂತು, ಟಿಕೆಟ್ ಆಯಿತು. ಕಂಪನಿಯವರು ಒಂದು ತಿಂಗಳು ಉಳಿಯಲು ಜಾಗ ಕೊಡುತ್ತಾರೆ, ಅಷ್ಟರಲ್ಲಿ ಆಫೀಸಿಗೆ ಹತ್ತಿರ ಒಂದು ಬಾಡಿಗೆ ಮನೆ ಹಿಡಿದು, ಆ ಮನೆಗೆ ಹತ್ತಿರದ ಶಾಲೆಗೆ ಮಗಳನ್ನು ಸೇರಿಸಿದರಾಯಿತು. ಬೆಂಗಳೂರಿನಿಂದ ಹೊರಡುವಾಗ ನಾವು ಅಂದುಕೊಂಡಿದ್ದು ಇಷ್ಟೇ. ಮನೆ ಸಿಕ್ಕಿತು. ಕಿಟಕಿಯಿಂದ ನೋಡಿದರೆ ಕಾಣುವಷ್ಟು ಹತ್ತಿರ ಒಂದು ಸೆಕೆಂಡರಿ ಶಾಲೆಯೂ ಇತ್ತು. ಆದರೆ ಮಗಳ ಕ್ಲಾಸಿನಲ್ಲಿ ಸೀಟಿರಲಿಲ್ಲ. ಅದರಾಚೆಯ ಶಾಲೆಯಲ್ಲೂ ಇರಲಿಲ್ಲ. ಕೊನೆಗೆ ಸಿಕ್ಕಿದ್ದು ಎರಡು ಬಸ್ ಹಿಡಿದು ಹೋಗಬೇಕಾದ ಶಾಲೆ. ಅದು ಸಿಗುವವರೆಗೆ ಐದು ವಾರ ಅವಳು ಮನೆಯಲ್ಲೇ ಇದ್ದಳು. ಬೆಳಗ್ಗೆ ಎಂಟೂವರೆಗೆ ಬ್ಲೇಜರ್ ಹಾಕಿಕೊಂಡು ಹೋಗುವ ಮಕ್ಕಳನ್ನು ಕಿಟಕಿಯಲ್ಲಿ ನಿಂತು ನೋಡುತ್ತಿದ್ದಳು. ಅದು ಈಗಲೂ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಇನ್ನೊಂದು ಮನೆಯಲ್ಲಿ ಹಾಗಾಗಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ಆಫೀಸು, ಮನೆ, ಶಾಲೆ. ನಾವು ಈ ಕ್ರಮದಲ್ಲಿ ಯೋಚಿಸುತ್ತೇವೆ ಅಲ್ವಾ? ಮಗುವಿಗೆ ಹನ್ನೊಂದು ದಾಟಿದ್ದರೆ ಇದನ್ನು ತಿರುಗಿಸಿ. ಇಲ್ಲಿ ಸರ್ಕಾರಿ ಶಾಲೆಯ ಸೀಟು ವಿಳಾಸದ ಮೇಲೆ ನಿಂತಿದೆ, ನಿಜ. ಆದರೆ ವಿಳಾಸ ಇದ್ದ ಮಾತ್ರಕ್ಕೆ ಸಾಲದು, ನೀವು ಬಂದ ತಿಂಗಳು, ನಿಮ್ಮ ಮಗುವಿನ ಕ್ಲಾಸಿನಲ್ಲಿ ಜಾಗ ಖಾಲಿ ಇರಬೇಕಲ್ಲ. ಹಾಗಾಗಿ ಮೊದಲು ಯಾವ ಊರಿನಲ್ಲಿ ಜಾಗ ಇದೆ ಅಂತ ಕೇಳಿ, ಆಮೇಲೆ ಅಲ್ಲಿ ಮನೆ ನೋಡಿ. ಆಫೀಸಿಗೆ ಅರ್ಧ ಗಂಟೆ ಜಾಸ್ತಿ ಪ್ರಯಾಣ ಆದರೆ ದೊಡ್ಡವರು ಹೇಗೋ ತಡೆದುಕೊಳ್ಳುತ್ತೇವೆ.

ನಾನು ಹೇಳುತ್ತಿರುವುದು ಇಂಗ್ಲೆಂಡಿನ ಕಥೆ ಮಾತ್ರ. ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡಿನ ನಿಯಮಗಳೇ ಬೇರೆ.

ಮಗು ಯಾವ ಇಯರ್‌ಗೆ ಹೋಗುತ್ತದೆ

ಇಲ್ಲಿ ಕ್ಲಾಸು ತೀರ್ಮಾನ ಆಗುವುದು ಹುಟ್ಟಿದ ದಿನಾಂಕದಿಂದ. ಊರಲ್ಲಿ ಏಳನೇ ಕ್ಲಾಸ್ ಮುಗಿದಿದೆ, ಎಂಟಕ್ಕೆ ಸೇರಿಸಿಕೊಳ್ಳಿ ಅಂದರೆ ಕೇಳುವುದಿಲ್ಲ. ಸೆಪ್ಟೆಂಬರ್ 1ರಿಂದ ಮುಂದಿನ ಆಗಸ್ಟ್ 31ರವರೆಗೆ ಹುಟ್ಟಿದ ಮಕ್ಕಳೆಲ್ಲ ಒಂದೇ ಇಯರ್. ಸೆಕೆಂಡರಿ ಶುರುವಾಗುವುದು ಇಯರ್ 7ರಿಂದ, ಅಂದರೆ ಆಗಸ್ಟ್ 31ಕ್ಕೆ 11 ತುಂಬಿರಬೇಕು. ಉದಾಹರಣೆಗೆ 2014ರ ಸೆಪ್ಟೆಂಬರ್ 1ರಿಂದ 2015ರ ಆಗಸ್ಟ್ 31ರೊಳಗೆ ಹುಟ್ಟಿದವರು 2026ರ ಸೆಪ್ಟೆಂಬರಿನಲ್ಲಿ ಇಯರ್ 7ಕ್ಕೆ ಹೋಗುತ್ತಾರೆ. ಮೈಸೂರಿನಲ್ಲಿ ಒಂದೇ ಬೆಂಚಿನಲ್ಲಿ ಕೂತಿದ್ದ ಇಬ್ಬರು, ಒಬ್ಬ ಆಗಸ್ಟಿನಲ್ಲಿ ಹುಟ್ಟಿದವನು, ಇನ್ನೊಬ್ಬ ಸೆಪ್ಟೆಂಬರಿನಲ್ಲಿ ಹುಟ್ಟಿದವನು, ಇಲ್ಲಿಗೆ ಬಂದರೆ ಬೇರೆ ಬೇರೆ ಇಯರ್‌ನಲ್ಲಿ ಕೂರುತ್ತಾರೆ. ಅಂದಾಜಿಗೆ ನಮ್ಮ ಆರನೇ ಕ್ಲಾಸು ಇಲ್ಲಿನ ಇಯರ್ 7, ನಮ್ಮ ಹತ್ತನೇ ಕ್ಲಾಸು ಇಲ್ಲಿನ ಇಯರ್ 11. ಆದರೆ ಈ ಅಂದಾಜನ್ನು ನಂಬಿ ಕೂರಬೇಡಿ, ಹುಟ್ಟಿದ ದಿನಾಂಕ ಹಿಡಿದು ಲೆಕ್ಕ ಹಾಕಿ.

ದಾರಿ ಎರಡಿವೆ. ಇಯರ್ 7ಕ್ಕೆ ಸೆಪ್ಟೆಂಬರಿನಲ್ಲಿ ಎಲ್ಲರ ಜೊತೆ ಸೇರುವುದು ಒಂದು. ಮಧ್ಯದಲ್ಲಿ ಬಂದು ಸೇರುವುದು ಇನ್ನೊಂದು, ಅದಕ್ಕೆ ಇನ್-ಇಯರ್ ಅಡ್ಮಿಶನ್ ಅನ್ನುತ್ತಾರೆ. ಇಯರ್ 8ಕ್ಕೆ ಸೆಪ್ಟೆಂಬರ್ ಮೊದಲ ದಿನವೇ ಸೇರಿದರೂ ಅದು ಇನ್-ಇಯರ್ ಲೆಕ್ಕವೇ.

ಇಯರ್ 7ರ ದಾರಿಗೆ ತಾರೀಕುಗಳು ಕಲ್ಲಿನ ಮೇಲೆ ಕೆತ್ತಿದ ಹಾಗೆ. ಹಿಂದಿನ ವರ್ಷದ ಅಕ್ಟೋಬರ್ 31 ಅರ್ಜಿಗೆ ಕೊನೆಯ ದಿನ. ಮಾರ್ಚ್ 1ಕ್ಕೆ, ಅಂದು ರಜೆ ಇದ್ದರೆ ಮುಂದಿನ ಕೆಲಸದ ದಿನ, ಯಾವ ಶಾಲೆ ಸಿಕ್ಕಿತು ಅಂತ ತಿಳಿಸುತ್ತಾರೆ. ಅಂದರೆ ಮಗು ಸೇರುವುದಕ್ಕೆ ಹತ್ತು ತಿಂಗಳು ಮೊದಲೇ ಅರ್ಜಿ ಹೋಗಿರಬೇಕು. ನಮ್ಮಲ್ಲಿ ಮೇ ತಿಂಗಳಲ್ಲಿ ಓಡಾಡಿ ಜೂನ್‌ನಲ್ಲಿ ಸೇರಿಸುವ ಅಭ್ಯಾಸ ಇರುವವರಿಗೆ ಇದು ತಲೆಗೆ ಹೋಗುವುದು ಕಷ್ಟ. ಅರ್ಜಿ ಶಾಲೆಗಲ್ಲ, ನೀವಿರುವ ಜಾಗದ ಕೌನ್ಸಿಲ್‌ಗೆ, ಅಂದರೆ ನಮ್ಮ ನಗರಸಭೆಯಂಥ ಸ್ಥಳೀಯ ಆಡಳಿತಕ್ಕೆ. ಕನಿಷ್ಠ ಮೂರು ಶಾಲೆ ಬರೆಯಬಹುದು, ಲಂಡನ್ನಿನಲ್ಲಿ ಆರು. ನೀವು ಯಾವ ಶಾಲೆಯನ್ನು ಮೊದಲು ಬರೆದಿದ್ದೀರಿ ಅಂತ ಶಾಲೆಗಳಿಗೆ ತಿಳಿಸುವುದಿಲ್ಲ. ಪ್ರತಿ ಶಾಲೆಯೂ ತನ್ನ ನಿಯಮದ ಪ್ರಕಾರ ಪಟ್ಟಿ ಮಾಡುತ್ತದೆ, ಅದರಲ್ಲಿ ನಿಮಗೆ ಸಿಗುವ ಶಾಲೆಗಳ ಪೈಕಿ ನೀವು ಮೇಲೆ ಬರೆದದ್ದನ್ನು ಕೌನ್ಸಿಲ್ ಕೊಡುತ್ತದೆ. ಆದ್ದರಿಂದ ನಿಜವಾಗಿ ಬೇಕಾದ ಕ್ರಮದಲ್ಲೇ ಬರೆಯಿರಿ, ಖಂಡಿತ ಸಿಗಬಹುದಾದ ಒಂದನ್ನು ಕೊನೆಯಲ್ಲಿ ಸೇರಿಸಿ. ಒಂದೇ ಶಾಲೆ ಬರೆದು ಉಳಿದದ್ದು ಖಾಲಿ ಬಿಟ್ಟರೆ ಆ ಶಾಲೆ ಸಿಗುವ ಸಾಧ್ಯತೆ ಹೆಚ್ಚುತ್ತದೆ ಅನ್ನುವುದು ಸುಳ್ಳು. ಅಲ್ಲಿ ಸಿಗದಿದ್ದರೆ ಯಾರಿಗೂ ಬೇಡವಾಗಿ ಉಳಿದ ಶಾಲೆ ನಿಮ್ಮ ಪಾಲಿಗೆ ಬರುತ್ತದೆ.

ಅಕ್ಟೋಬರ್ 31 ದಾಟಿದ ಮೇಲೆ ಬಂದವರ ಅರ್ಜಿ ತಡವಾದ ಅರ್ಜಿ. ಹೊಸದಾಗಿ ಊರಿಗೆ ಬಂದವರಿಗೆ ಕೆಲವು ಕೌನ್ಸಿಲ್‌ಗಳು ಸ್ವಲ್ಪ ವಿನಾಯಿತಿ ಕೊಡುತ್ತವೆ. ಕೇಳಿ ನೋಡಿ, ಕೇಳುವುದರಿಂದ ನಷ್ಟವಿಲ್ಲ.

ಮಧ್ಯದಲ್ಲಿ ಬರುವವರಿಗೆ

ನಮ್ಮವರಲ್ಲಿ ಬಹಳ ಜನ ಬರುವುದು ಈ ದಾರಿಯಲ್ಲೇ, ಹಾಗಾಗಿ ಇದನ್ನು ನಿಧಾನವಾಗಿ ಹೇಳುತ್ತೇನೆ.

ಮೊದಲನೆಯದು, ನಿಮ್ಮ ಕೌನ್ಸಿಲ್ ಯಾವುದು ಅಂತ ಸರಿಯಾಗಿ ತಿಳಿದುಕೊಳ್ಳಿ. ಊರಿನ ಹೆಸರು ನೋಡಿ ತೀರ್ಮಾನಿಸಬೇಡಿ. ರೆಡಿಂಗ್ ಕಡೆ ಕನ್ನಡದವರು ತುಂಬ ಜನ ಇದ್ದಾರಲ್ಲ, ಅದನ್ನೇ ತೆಗೆದುಕೊಳ್ಳಿ. ಅಂಚೆ ವಿಳಾಸದಲ್ಲಿ ರೆಡಿಂಗ್ ಅಂತಲೇ ಇರುತ್ತದೆ, ಆದರೆ ಲೋಯರ್ ಅರ್ಲಿ, ವುಡ್ಲಿ ಸೇರುವುದು ವೋಕಿಂಗ್‌ಹ್ಯಾಮ್ ಕೌನ್ಸಿಲ್‌ಗೆ. ಕ್ಯಾವರ್‌ಶ್ಯಾಮ್ ರೆಡಿಂಗ್ ಕೌನ್ಸಿಲ್‌ಗೆ. ಟೈಲ್‌ಹರ್ಸ್ಟ್‌ನಲ್ಲಿ ಒಂದು ಭಾಗ ರೆಡಿಂಗ್, ಇನ್ನೊಂದು ಭಾಗ ವೆಸ್ಟ್ ಬರ್ಕ್‌ಶೈರ್. ಸರ್ಕಾರದ ಗವ್ ಡಾಟ್ ಯುಕೆ ತಾಣದಲ್ಲಿ ಪೋಸ್ಟ್‌ಕೋಡ್ ಹಾಕಿದರೆ ಯಾವ ಕೌನ್ಸಿಲ್ ಅಂತ ತೋರಿಸುತ್ತದೆ. ಇನ್ನೊಂದು ವಿಷಯ, ಕೆಲವು ಕಡೆ ಶಾಲೆಗಳ ಹಂತವೇ ಬೇರೆ. ವಿಂಡ್ಸರ್ ಸುತ್ತ ಫಸ್ಟ್, ಮಿಡ್ಲ್, ಅಪ್ಪರ್ ಅಂತ ಮೂರು ಹಂತ ಇದೆ, ಅಪ್ಪರ್ ಶಾಲೆ ಶುರುವಾಗುವುದೇ ಇಯರ್ 9ರಿಂದ. ಪಕ್ಕದ ಸ್ಲೌದಲ್ಲಿ ಹಾಗಿಲ್ಲ.

ಎರಡನೆಯದು, ಬೆಂಗಳೂರಿನಲ್ಲಿ ಇರುವಾಗಲೇ ಆ ಸುತ್ತಲಿನ ಮೂರ್ನಾಲ್ಕು ಕೌನ್ಸಿಲ್‌ಗಳ ಅಡ್ಮಿಶನ್ ವಿಭಾಗಕ್ಕೆ ಇಮೇಲ್ ಬರೆಯಿರಿ. ಉದ್ದ ಕಥೆ ಬೇಡ. ಮಗುವಿನ ಹುಟ್ಟಿದ ದಿನಾಂಕ, ಯಾವ ಇಯರ್, ಯಾವ ತಿಂಗಳು ಬರುತ್ತೀರಿ ಇಷ್ಟು ಹೇಳಿ, ಮೂರು ಪ್ರಶ್ನೆ ಕೇಳಿ. ಈ ಇಯರ್‌ನಲ್ಲಿ ಈಗ ಯಾವ ಯಾವ ಶಾಲೆಗಳಲ್ಲಿ ಜಾಗ ಇದೆ? ಅರ್ಜಿ ನಿಮಗೆ ಹಾಕಬೇಕೋ ಶಾಲೆಗೆ ನೇರವಾಗಿ ಹಾಕಬೇಕೋ? ದೇಶಕ್ಕೆ ಬರುವ ಮೊದಲೇ ಅರ್ಜಿ ತೆಗೆದುಕೊಳ್ಳುತ್ತೀರಾ, ವಿಳಾಸಕ್ಕೆ ಯಾವ ದಾಖಲೆ ಬೇಕು? ಜಾಗ ಎಲ್ಲೆಲ್ಲಿದೆ ಅಂತ ಪೋಷಕರು ಕೇಳಿದರೆ ಕೌನ್ಸಿಲ್ ಹೇಳಲೇಬೇಕು, ಅದು ನಿಯಮ. ಎರಡನೇ ಪ್ರಶ್ನೆ ಯಾಕೆಂದರೆ ಕೆಲವು ಕೌನ್ಸಿಲ್‌ಗಳು ಎಲ್ಲ ಶಾಲೆಗಳಿಗೂ ಒಂದೇ ಫಾರ್ಮ್ ಇಟ್ಟಿರುತ್ತವೆ, ಕೆಲವು ಕಡೆ ಅಕಾಡೆಮಿ ಶಾಲೆಗಳಿಗೆ (ಸರ್ಕಾರದ ದುಡ್ಡಿನಲ್ಲೇ ನಡೆದರೂ ಕೌನ್ಸಿಲ್ ಕೈಯಲ್ಲಿಲ್ಲದ ಶಾಲೆಗಳು) ಒಂದೊಂದಕ್ಕೂ ಬೇರೆ ಬೇರೆ ಅರ್ಜಿ ಹಾಕಬೇಕು. ಮೂರನೆಯದಕ್ಕೆ ಉತ್ತರ ಊರಿಂದ ಊರಿಗೆ ಬದಲಾಗುತ್ತದೆ. ಮಗು ಬಂದು ಆ ವಿಳಾಸದಲ್ಲಿ ಇದ್ದ ಮೇಲೆಯೇ ಅರ್ಜಿ ನೋಡುತ್ತೇವೆ ಅನ್ನುವವರು ಬಹಳ. ಸಹಿ ಹಾಕಿದ ಬಾಡಿಗೆ ಕರಾರು ಇದ್ದರೆ ಸಾಕು ಅನ್ನುವವರೂ ಇದ್ದಾರೆ.

ಈ ಉತ್ತರಗಳು ಬಂದ ಮೇಲೆ ಮನೆ ಹುಡುಕಿ. ಪರಿಚಯದವರ ಮನೆಯ ವಿಳಾಸ ಕೊಟ್ಟು ಅರ್ಜಿ ಹಾಕುವ ಯೋಚನೆ ಬಂದರೆ ದಯವಿಟ್ಟು ಬಿಡಿ. ಪರಿಶೀಲನೆ ಮಾಡುತ್ತಾರೆ, ಸುಳ್ಳು ಅಂತ ಗೊತ್ತಾದರೆ ಕೊಟ್ಟ ಸೀಟನ್ನೂ ವಾಪಸ್ ತೆಗೆದುಕೊಳ್ಳಬಹುದು.

ಅರ್ಜಿ ಹಾಕಿದ ಮೇಲೆ 10 ಶಾಲಾ ದಿನಗಳಲ್ಲಿ ಉತ್ತರ ಕೊಡಲು ಪ್ರಯತ್ನಿಸಬೇಕು, 15 ಶಾಲಾ ದಿನಗಳನ್ನು ಮೀರಬಾರದು. ಶಾಲಾ ದಿನ ಅನ್ನುವ ಪದ ಗಮನಿಸಿ. ಶನಿವಾರ, ಭಾನುವಾರ, ಕ್ರಿಸ್ಮಸ್ ರಜೆ, ಈಸ್ಟರ್ ರಜೆ, ಮಧ್ಯೆ ಬರುವ ಒಂದೊಂದು ವಾರದ ರಜೆ ಯಾವುದೂ ಲೆಕ್ಕಕ್ಕಿಲ್ಲ. ಜುಲೈ ಕೊನೆಯಿಂದ ಆಗಸ್ಟ್ ಪೂರ್ತಿ ಶಾಲೆಗಳು ಮುಚ್ಚಿರುತ್ತವೆ. ಆಗಸ್ಟಿನಲ್ಲಿ ಬಂದು ಓಡಾಡಿದರೆ ಫೋನ್ ಎತ್ತುವವರೂ ಸಿಗುವುದಿಲ್ಲ. ಸೆಪ್ಟೆಂಬರಿಗೆ ಸೇರಿಸಬೇಕೆಂದಿದ್ದರೆ ಜೂನ್‌ನಲ್ಲೇ ಮಾತುಕತೆ ಶುರುವಾಗಿರಲಿ.

"ಫುಲ್" ಅಂದರೆ ಮುಗಿಯಲಿಲ್ಲ

ನಾವು ಮಾಡಿದ ದೊಡ್ಡ ತಪ್ಪು ಇಲ್ಲಿದೆ. ಶಾಲೆಗೆ ಫೋನ್ ಮಾಡಿದೆವು, ಫುಲ್ ಆಗಿದೆ ಅಂದರು, ಸರಿ ಅಂತ ಫೋನ್ ಇಟ್ಟು ಮುಂದಿನ ಶಾಲೆಗೆ ಮಾಡಿದೆವು. ಫೋನಿನಲ್ಲಿ ಹೇಳಿದ್ದಕ್ಕೆ ಯಾವ ಬೆಲೆಯೂ ಇಲ್ಲ. ಯಾವ ಶಾಲೆಗೆ ಬೇಕಾದರೂ, ಯಾವಾಗ ಬೇಕಾದರೂ ಅರ್ಜಿ ಹಾಕುವ ಹಕ್ಕು ನಿಮಗಿದೆ, ಫುಲ್ ಇದ್ದರೂ ಸರಿ. ಅರ್ಜಿ ಹಾಕಿದರೆ ಮಾತ್ರ ಬರವಣಿಗೆಯಲ್ಲಿ ನಿರಾಕರಣೆ ಬರುತ್ತದೆ. ಆ ಪತ್ರ ಇದ್ದರೆ ಮಾತ್ರ ಅಪೀಲ್ ಮಾಡಬಹುದು. ವೇಟಿಂಗ್ ಲಿಸ್ಟ್‌ಗೆ ಸೇರುವುದಕ್ಕೂ ಅರ್ಜಿಯೇ ದಾರಿ. ನಾವು ಎರಡು ವಾರ ಸುಮ್ನೆ ಕಳೆದೆವು.

ವೇಟಿಂಗ್ ಲಿಸ್ಟ್ ಅಂದರೆ ರೇಷನ್ ಅಂಗಡಿಯ ಸಾಲಲ್ಲ. ಮೊದಲು ಬಂದವರಿಗೆ ಮೊದಲು ಅನ್ನುವ ಲೆಕ್ಕವೇ ಇಲ್ಲ. ಶಾಲೆಯ ನಿಯಮದಲ್ಲಿ ಅಣ್ಣ ತಂಗಿ ಅಲ್ಲೇ ಓದುತ್ತಿದ್ದರೆ ಆದ್ಯತೆ, ಮನೆ ಹತ್ತಿರ ಇದ್ದರೆ ಆದ್ಯತೆ ಅಂತೆಲ್ಲ ಇರುತ್ತದೆ. ಆ ಪ್ರಕಾರ ಪಟ್ಟಿಯನ್ನು ಮತ್ತೆ ಮತ್ತೆ ಜೋಡಿಸುತ್ತಾರೆ. ಇವತ್ತು ಮೂರನೆಯವರಾಗಿದ್ದು ಮುಂದಿನ ತಿಂಗಳು ಆರನೆಯವರಾಗಬಹುದು. ಉಲ್ಟಾ ನೋಡಿದರೆ, ನಿನ್ನೆ ಬಂದವರಿಗೂ ಮನೆ ಗೇಟಿನ ಎದುರೇ ಇದ್ದರೆ ಮೇಲಿನ ಜಾಗ ಸಿಗುತ್ತದೆ.

ಅಪೀಲ್‌ಗೆ ದುಡ್ಡು ಕೊಡಬೇಕಾಗಿಲ್ಲ, ವಕೀಲರೂ ಬೇಡ. ನಿರಾಕರಣೆ ಪತ್ರ ಬಂದ ಮೇಲೆ ಕನಿಷ್ಠ 20 ಶಾಲಾ ದಿನ ಸಮಯ ಕೊಡಬೇಕು, ಇನ್-ಇಯರ್ ಅಪೀಲ್ ಆದರೆ ಸಲ್ಲಿಸಿದ 30 ಶಾಲಾ ದಿನದೊಳಗೆ ವಿಚಾರಣೆ ನಡೆಯಬೇಕು. ಶಾಲೆಗೆ ಸೇರದ ಮೂರು ಜನ ಅಥವಾ ಹೆಚ್ಚಿನವರ ಸಮಿತಿ ಕೇಳುತ್ತದೆ. ಅವರ ತೀರ್ಮಾನಕ್ಕೆ ಶಾಲೆ ಬದ್ಧ. ಅಲ್ಲಿ ಹೋಗಿ, ಸಿಕ್ಕಿರುವ ಶಾಲೆ ಚೆನ್ನಾಗಿಲ್ಲ ಅಂತ ಹೇಳಿದರೆ ಏನೂ ಪ್ರಯೋಜನ ಆಗುವುದಿಲ್ಲ. ಈ ಶಾಲೆಯೇ ನಮ್ಮ ಮಗುವಿಗೆ ಯಾಕೆ ಬೇಕು ಅನ್ನುವುದನ್ನು ಹೇಳಬೇಕು. ಮಗು ಓದುತ್ತಿರುವ ವಿಷಯ ಅಲ್ಲಿ ಮಾತ್ರ ಇದೆ, ಆರೋಗ್ಯದ ಕಾರಣಕ್ಕೆ ದೂರ ಹೋಗಲು ಆಗುವುದಿಲ್ಲ, ಇಂಥವು. ಕಾಗದ ಪತ್ರ ಇದ್ದರೆ ಜೊತೆಗೆ ಕೊಡಿ.

ಈ ನಡುವೆ ಬೇರೆ ಶಾಲೆ ಕೊಟ್ಟರೆ ಒಪ್ಪಿಕೊಳ್ಳಿ! ಒಪ್ಪಿಕೊಂಡರೆ ವೇಟಿಂಗ್ ಲಿಸ್ಟಿನಿಂದ ಹೆಸರು ತೆಗೆಯುತ್ತಾರೆ, ಅಪೀಲ್ ದುರ್ಬಲ ಆಗುತ್ತದೆ ಅಂತ ಹೆದರುತ್ತಾರೆ. ಎರಡೂ ಆಗುವುದಿಲ್ಲ. ಕೈಯಲ್ಲಿರುವ ಸೀಟು ಬಿಟ್ಟರೆ ಮಗು ಮನೆಯಲ್ಲಿ ಕೂರುತ್ತದೆ ಅಷ್ಟೇ.

ಎಲ್ಲೂ ಸಿಗದೆ ನಾಲ್ಕು ವಾರ ಅಥವಾ ಅದಕ್ಕಿಂತ ಜಾಸ್ತಿ ಮಗು ಶಾಲೆಯ ಹೊರಗಿದ್ದರೆ, ಫೇರ್ ಆಕ್ಸೆಸ್ ಪ್ರೋಟೋಕಾಲ್ ಅಂತ ಒಂದು ವ್ಯವಸ್ಥೆ ಇದೆ. ಪ್ರತಿ ಕೌನ್ಸಿಲ್‌ನಲ್ಲೂ ಇರಲೇಬೇಕು. ಅದರಡಿ ಮಗುವಿನ ಹೆಸರು ಬಂದರೆ 20 ಶಾಲಾ ದಿನಗಳೊಳಗೆ ಒಂದು ಶಾಲೆ ನಿಗದಿ ಮಾಡಬೇಕು. ಇದನ್ನು ಅವರಾಗಿಯೇ ಹೇಳುತ್ತಾರೆ ಅಂತ ಕಾಯಬೇಡಿ, ಹೆಸರು ಹಿಡಿದು ಕೇಳಿ. ನನಗೆ ಈ ಹೆಸರು ಗೊತ್ತಾದದ್ದೇ ಐದನೇ ವಾರದಲ್ಲಿ, ಅದೂ ಪಕ್ಕದ ಮನೆಯ ಟೀಚರ್ ಒಬ್ಬರಿಂದ.

ವೀಸಾ ಭಯ, ದುಡ್ಡಿನ ಭಯ

ವೀಸಾದಲ್ಲಿ ಸರ್ಕಾರಿ ನೆರವು ಪಡೆಯುವಂತಿಲ್ಲ ಅಂತ ಇರುತ್ತದೆ. ಅದನ್ನು ನೋಡಿ ಶಾಲೆಗೂ ದುಡ್ಡು ಕಟ್ಟಬೇಕೇನೋ ಅಂತ ಎಷ್ಟೋ ಜನ ಕೇಳಿದ್ದಾರೆ. ಇಲ್ಲ. ಸರ್ಕಾರಿ ಶಾಲೆ ಆ ಪಟ್ಟಿಯಲ್ಲಿಲ್ಲ. ಸ್ಕಿಲ್ಡ್ ವರ್ಕರ್ ವೀಸಾದವರ ಮಕ್ಕಳು ಅವಲಂಬಿತರಾಗಿ ಬಂದಿದ್ದರೆ ಉಚಿತವಾಗಿ ಓದಬಹುದು. ವಿಸಿಟರ್ ವೀಸಾದಲ್ಲಿ ಬಂದು ಸೇರಿಸುವ ಹಾಗಿಲ್ಲ. ಚೈಲ್ಡ್ ಸ್ಟೂಡೆಂಟ್ ವೀಸಾ ಖಾಸಗಿ ಶಾಲೆಗೆ ಮಾತ್ರ.

ಡೊನೇಷನ್ ಇಲ್ಲ. ಶಿಫಾರಸು ನಡೆಯುವುದಿಲ್ಲ. ತಂದೆ ತಾಯಿಯನ್ನು ಕೂರಿಸಿಕೊಂಡು ಇಂಟರ್‌ವ್ಯೂ ಮಾಡುವುದನ್ನೂ ನಿಯಮ ಬಿಡುವುದಿಲ್ಲ. ಬೆಂಗಳೂರಿನ ಅಡ್ಮಿಶನ್ ನೋಡಿ ಬಂದವರಿಗೆ ಇದು ದೊಡ್ಡ ಸಮಾಧಾನ. ಖರ್ಚು ಬರುವುದು ಯೂನಿಫಾರ್ಮ್, ಊಟ, ಬಸ್ಸಿಗೆ. ಹೆಚ್ಚಿನ ಶಾಲೆಗಳಲ್ಲಿ ಹಳೆಯ ಬ್ಲೇಜರ್ ಕಡಿಮೆ ಬೆಲೆಗೆ ಸಿಗುತ್ತದೆ, ಕೇಳಲು ಸಂಕೋಚ ಬೇಡ, ಇಲ್ಲಿಯವರೂ ಅದನ್ನೇ ಮಾಡುತ್ತಾರೆ. ಹತ್ತಿರದ ಶಾಲೆಗಳಲ್ಲಿ ಜಾಗ ಇಲ್ಲದೆ 3 ಮೈಲಿಗಿಂತ ದೂರದ ಶಾಲೆ ಸಿಕ್ಕಿದ್ದರೆ ಕೌನ್ಸಿಲ್‌ನಿಂದ ಉಚಿತ ಪ್ರಯಾಣಕ್ಕೆ ಅರ್ಜಿ ಹಾಕಿ. ಲಂಡನ್ನಿನಲ್ಲಾದರೆ 11ರಿಂದ 15 ವರ್ಷದವರ ಜಿಪ್ ಆಯ್ಸ್ಟರ್ ಕಾರ್ಡಿನಲ್ಲಿ ಬಸ್ಸು ಉಚಿತ.

ಖಾಸಗಿ ಶಾಲೆ ಬೇಕು ಅಂದರೆ ಸೀಟು ಬೇಗ ಸಿಗಬಹುದು. ಆದರೆ 2025ರ ಜನವರಿಯಿಂದ ಶುಲ್ಕದ ಮೇಲೆ 20 ಪರ್ಸೆಂಟ್ ವ್ಯಾಟ್ ಬಂದಿದೆ. ವರ್ಷಕ್ಕೆ ಒಂದು ಮಗುವಿಗೆ 15 ಸಾವಿರ ಪೌಂಡ್ ದಾಟುವುದು ಮಾಮೂಲು. ಸಂಬಳದ ಲೆಕ್ಕ ಮೊದಲೇ ಹಾಕಿ.

ಒಂಬತ್ತು, ಹತ್ತನೇ ಕ್ಲಾಸಿನ ಮಕ್ಕಳಿದ್ದರೆ

ಇದು ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವ ಭಾಗ. ಇಯರ್ 10 ಮತ್ತು 11 ಸೇರಿ ನಮ್ಮ ಹತ್ತನೇ ಕ್ಲಾಸಿನ ಬೋರ್ಡ್ ಪರೀಕ್ಷೆಯಂಥ ಜಿಸಿಎಸ್‌ಇ ಪರೀಕ್ಷೆಗೆ ಓದುವ ಎರಡು ವರ್ಷ. ಪರೀಕ್ಷೆ ಇಯರ್ 11ರ ಮೇ, ಜೂನ್‌ನಲ್ಲಿ. ಒಂದೊಂದು ಶಾಲೆ ಒಂದೊಂದು ಬೋರ್ಡಿನ ಪಠ್ಯ ಹಿಡಿದಿರುತ್ತದೆ, ಇಂಗ್ಲಿಷ್ ಸಾಹಿತ್ಯದಲ್ಲಿ ಓದುವ ನಾಟಕ, ಕಾದಂಬರಿಯೂ ಬೇರೆ ಬೇರೆ. ಇಯರ್ 10ರ ಶುರುವಿನಲ್ಲಿ ಬಂದರೆ ಹೇಗೋ ಹಿಡಿದುಕೊಳ್ಳಬಹುದು. ಇಯರ್ 11ರ ಮಧ್ಯದಲ್ಲಿ ಬಂದರೆ ಮಗುವಿಗೆ ತುಂಬ ಹೊರೆ. ಇಷ್ಟದ ವಿಷಯದಲ್ಲಿ ಜಾಗ ಇರುವುದಿಲ್ಲ, ಉಳಿದಿರುವ ವಿಷಯ ತೆಗೆದುಕೊಳ್ಳಬೇಕಾಗುತ್ತದೆ.

ಮಗು ಈಗ ಹತ್ತನೇ ಕ್ಲಾಸಿನಲ್ಲಿದ್ದರೆ, ಅಜ್ಜಿ ತಾತನ ಜೊತೆಯೋ ತಾಯಿ ತಂದೆಯಲ್ಲಿ ಒಬ್ಬರ ಜೊತೆಯೋ ಊರಲ್ಲೇ ಉಳಿದು ಬೋರ್ಡ್ ಪರೀಕ್ಷೆ ಮುಗಿಸಿ ಬರುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಕೆಲವು ತಿಂಗಳು ಮನೆ ಎರಡಾಗುವುದು ಕಷ್ಟವೇ. ಆದರೆ ಆಮೇಲೆ ಸೆಪ್ಟೆಂಬರಿನಲ್ಲಿ ಇಯರ್ 12ಕ್ಕೆ ಎಲ್ಲರ ಜೊತೆ ಹೊಸದಾಗಿ ಶುರು ಮಾಡಬಹುದು. ಇಯರ್ 12ಕ್ಕೆ ಅರ್ಜಿ ನೇರವಾಗಿ ಸಿಕ್ಸ್ತ್ ಫಾರ್ಮ್ (ಇಯರ್ 12 ಮತ್ತು 13) ಇರುವ ಶಾಲೆಗೋ ಕಾಲೇಜಿಗೋ ಹಾಕುವುದು. ಎಸ್‌ಎಸ್‌ಎಲ್‌ಸಿ, ಸಿಬಿಎಸ್‌ಇ, ಐಸಿಎಸ್‌ಇ ಅಂಕಗಳನ್ನು ಹೇಗೆ ತೂಗುತ್ತಾರೆ ಅನ್ನುವುದು ಕಾಲೇಜಿನಿಂದ ಕಾಲೇಜಿಗೆ ಬೇರೆ. ಹೊರದೇಶದ ಅಂಕಪಟ್ಟಿ ಇಲ್ಲಿನ ಯಾವುದಕ್ಕೆ ಸಮ ಅಂತ ಹೇಳುವ ಯುಕೆ ಎನಿಕ್‌ನಿಂದ ಸಮಾನತೆಯ ಪತ್ರ ಕೇಳಬಹುದು. ಹಿಂದಿನ ಚಳಿಗಾಲದಲ್ಲೇ ನಾಲ್ಕೈದು ಕಾಲೇಜಿಗೆ ಬರೆದು ಕೇಳಿ. ಇಂಗ್ಲಿಷ್, ಗಣಿತದಲ್ಲಿ ಜಿಸಿಎಸ್‌ಇ ಗ್ರೇಡ್ 4ಕ್ಕೆ ಸಮ ಅಂತ ಒಪ್ಪದಿದ್ದರೆ ನಮ್ಮ ಪಿಯುಸಿಯಂಥ ಎ ಲೆವೆಲ್ ಜೊತೆಗೆ ಅವನ್ನೂ ಓದಬೇಕಾಗುತ್ತದೆ.

ಯಾವ ಶಾಲೆ ಒಳ್ಳೆಯದು

ನಮ್ಮ ಗುಂಪುಗಳಲ್ಲಿ ಈ ಪ್ರಶ್ನೆ ಬಂದರೆ ಎರಡೇ ಉತ್ತರ. ಔಟ್‌ಸ್ಟ್ಯಾಂಡಿಂಗ್ ಶಾಲೆ, ಇಲ್ಲದಿದ್ದರೆ ಗ್ರಾಮರ್ ಶಾಲೆ, ಅಂದರೆ ಪ್ರವೇಶ ಪರೀಕ್ಷೆ ಇಟ್ಟು ಮಕ್ಕಳನ್ನು ಆರಿಸುವ ಸರ್ಕಾರಿ ಶಾಲೆ. ಶಾಲೆಗಳ ತಪಾಸಣೆ ಮಾಡುವ ಸರ್ಕಾರಿ ಸಂಸ್ಥೆ ಆಫ್‌ಸ್ಟೆಡ್, ಔಟ್‌ಸ್ಟ್ಯಾಂಡಿಂಗ್‌ನಂಥ ಒಂದೇ ಪದದ ತೀರ್ಪನ್ನು 2024ರ ಸೆಪ್ಟೆಂಬರಿನಲ್ಲೇ ಬಿಟ್ಟಿದೆ. 2025ರ ನವೆಂಬರಿನಿಂದ ಬೇರೆ ಬೇರೆ ವಿಭಾಗಕ್ಕೆ ಬೇರೆ ಬೇರೆ ಗ್ರೇಡ್ ಇರುವ ರಿಪೋರ್ಟ್ ಕಾರ್ಡ್ ಬಂದಿದೆ. ಬಾಡಿಗೆ ಜಾಹೀರಾತಿನಲ್ಲಿ ಈಗಲೂ ಔಟ್‌ಸ್ಟ್ಯಾಂಡಿಂಗ್ ಅಂತ ಕಂಡರೆ ಅದು ಯಾವ ವರ್ಷದ್ದು ಅಂತ ನೋಡಿ. ಪ್ರೋಗ್ರೆಸ್ 8 ಅಂಕ (ಪ್ರಾಥಮಿಕ ಮುಗಿಸಿದಾಗಿನಿಂದ ಜಿಸಿಎಸ್‌ಇವರೆಗೆ ಮಕ್ಕಳು ಎಷ್ಟು ಮುಂದೆ ಬಂದರು ಅನ್ನುವ ಲೆಕ್ಕ) ನೋಡುವ ಅಭ್ಯಾಸ ಇರುವವರಿಗೆ ಇನ್ನೊಂದು ಮಾತು, 2025 ಮತ್ತು 2026ರ ಫಲಿತಾಂಶಗಳಿಗೆ ಆ ಅಂಕ ಇಲ್ಲ. ಕೋವಿಡ್ ಕಾಲದಲ್ಲಿ ಆ ಮಕ್ಕಳ ಪ್ರಾಥಮಿಕ ಹಂತದ ಪರೀಕ್ಷೆಗಳೇ ನಡೆದಿರಲಿಲ್ಲ.

ಗ್ರಾಮರ್ ಶಾಲೆಗಳು ಇಡೀ ಇಂಗ್ಲೆಂಡಿನಲ್ಲಿ 163. ಕೆಂಟ್, ಬಕಿಂಗ್‌ಹ್ಯಾಮ್‌ಶೈರ್, ಸ್ಲೌ, ಸಟನ್, ಟ್ರಾಫರ್ಡ್ ಇಂಥ ಕಡೆ ಇವೆ, ದೇಶದ ಬಹುಭಾಗದಲ್ಲಿ ಇಲ್ಲವೇ ಇಲ್ಲ. ಪ್ರವೇಶ ಪರೀಕ್ಷೆ ಇಯರ್ 6ರ ಶುರುವಿನಲ್ಲಿ, ಸೆಪ್ಟೆಂಬರ್ ಹೊತ್ತಿಗೆ. ಹೆಸರು ನೋಂದಾಯಿಸುವುದು ಬೇಸಿಗೆ ರಜೆಗೂ ಮೊದಲು. ಪಾಸಾದರೂ ಸೀಟು ಖಚಿತವಲ್ಲ. ಮಧ್ಯದಲ್ಲಿ ಬಂದವರು ಜಾಗ ಇದ್ದರೆ ಶಾಲೆಯ ಪರೀಕ್ಷೆ ಬರೆಯಬಹುದು. ಬರೆಯಿಸಿ, ತಪ್ಪೇನಿಲ್ಲ. ಆದರೆ ಅದಕ್ಕಾಗಿ ಕಾಯುತ್ತ ಸಿಕ್ಕಿದ ಶಾಲೆ ಬಿಡಬೇಡಿ.

ನಾನು ನೋಡುವುದು ಬೇರೆ. ಮಧ್ಯಾಹ್ನ ಮೂರೂಕಾಲರ ಹೊತ್ತಿಗೆ ಶಾಲೆ ಬಿಡುವಾಗ ಹತ್ತಿರದ ಬಸ್ ಸ್ಟಾಪಿನಲ್ಲಿ ಹತ್ತು ನಿಮಿಷ ನಿಲ್ಲಿ. ಮಕ್ಕಳು ಒಬ್ಬರ ಜೊತೆ ಒಬ್ಬರು ಹೇಗಿದ್ದಾರೆ, ಒಬ್ಬಂಟಿ ಮಗುವನ್ನು ಹೇಗೆ ನಡೆಸಿಕೊಳ್ಳುತ್ತಾರೆ ಕಾಣುತ್ತದೆ. ಶಾಲೆ ನೋಡಲು ಹೋದಾಗ, ಮಧ್ಯದಲ್ಲಿ ಸೇರುವ ಮಗುವಿಗೆ ಮೊದಲ ವಾರ ಯಾರು ಜೊತೆಗಿರುತ್ತಾರೆ, ಮಟ್ಟ ನೋಡಿ ಮಾಡುವ ಗಣಿತದ ಗುಂಪನ್ನು ಯಾವಾಗ ಬದಲಿಸುತ್ತಾರೆ ಅಂತ ಕೇಳಿ. ನಮ್ಮ ಮಕ್ಕಳನ್ನು ಮೊದಲು ಕೆಳಗಿನ ಗುಂಪಿಗೆ ಹಾಕುವುದುಂಟು. ಅರ್ಧ ಟರ್ಮ್‌ನಲ್ಲಿ ಮತ್ತೆ ನೋಡಿ ಅಂತ ನಾವು ಕೇಳಬೇಕು. ಮಗಳಿಗೆ ಸಿಕ್ಕ ಆ ದೂರದ ಶಾಲೆಯ ಬಗ್ಗೆ ಯಾರೂ ಒಳ್ಳೆಯ ಮಾತು ಹೇಳಿರಲಿಲ್ಲ. ಮೊದಲ ದಿನವೇ ಅವಳ ಹೆಸರನ್ನು ಸರಿಯಾಗಿ ಹೇಳಲು ಮೂರು ಸಲ ಕೇಳಿ ಕಲಿತ ಟೀಚರ್ ಅಲ್ಲಿದ್ದರು. ಆರು ತಿಂಗಳ ನಂತರ ಹತ್ತಿರದ ಶಾಲೆಯಿಂದ ಸೀಟು ಇದೆ ಅಂತ ಪತ್ರ ಬಂದಾಗ ಅವಳು ಬೇಡ ಅಂದಳು.

ರಜೆಯ ವಿಷಯ ಮೊದಲೇ ಮನೆಯವರಿಗೆಲ್ಲ ಹೇಳಿಬಿಡಿ. ಊರಲ್ಲಿ ಮದುವೆ ಅಂತ ಶಾಲೆ ತಪ್ಪಿಸಿ ಹೋದರೆ ದಂಡ. ಹತ್ತು ವಾರದಲ್ಲಿ ಒಟ್ಟು ಐದು ದಿನ ಅನುಮತಿ ಇಲ್ಲದೆ ತಪ್ಪಿಸಿದರೆ ಸಾಕು, ಒಬ್ಬೊಬ್ಬ ಪೋಷಕರಿಗೆ, ಒಂದೊಂದು ಮಗುವಿಗೆ 80 ಪೌಂಡ್. 21 ದಿನದೊಳಗೆ ಕಟ್ಟದಿದ್ದರೆ 160. ಅಪ್ಪ ಅಮ್ಮ ಇಬ್ಬರು, ಮಕ್ಕಳಿಬ್ಬರು ಅಂದರೆ ಮೊದಲೇ 320 ಪೌಂಡ್ ಆಯಿತು.

ಹೊರಡುವ ಮೊದಲು ಊರಿನ ಶಾಲೆಯಿಂದ ಟಿಸಿ ಜೊತೆಗೆ ಕಳೆದ ಎರಡು ವರ್ಷದ ಮಾರ್ಕ್ಸ್ ಕಾರ್ಡ್, ಈಗ ಓದುತ್ತಿರುವ ಪಾಠಗಳ ಪಟ್ಟಿ, ಕ್ಲಾಸ್ ಟೀಚರ್ ಇಂಗ್ಲಿಷಿನಲ್ಲಿ ಬರೆದ ಒಂದು ಪುಟದ ಪತ್ರ ತೆಗೆದುಕೊಳ್ಳಿ. ಜನನ ಪ್ರಮಾಣಪತ್ರ ಕನ್ನಡದಲ್ಲಿ ಮಾತ್ರ ಇದ್ದರೆ ಇಂಗ್ಲಿಷ್ ಪ್ರತಿ ಮಾಡಿಸಿಕೊಳ್ಳಿ. ಇವೆಲ್ಲ ಹಡಗಿನಲ್ಲಿ ಬರುವ ಪೆಟ್ಟಿಗೆಗೆ ಹೋಗಬಾರದು, ವಿಮಾನದಲ್ಲಿ ಕೈಯಲ್ಲಿ ಹಿಡಿಯುವ ಬ್ಯಾಗಿನಲ್ಲೇ ಇರಲಿ.